ಗಾಳಿಯೊಡನೆ ನೆಲಕ್ಕಿಳಿದ ಹುಡುಗಿ

1930ನೆಯ ಇಸವಿಯ ಮೇ ತಿಂಗಳ 8ನೆಯ ದಿನ. ಅಲೆಪ್ಪೊ ಪಟ್ಟಣವನ್ನು ಬಿಟ್ಟು ಬಾಗ್ದಾದಿನ ಕಡೆಗೆ ಹಾರುತ್ತಿದ್ದ ಪುಟ್ಟ ವಿಮಾನವೊಂದು ಮರುಭೂಮಿಯ ನಡುವೆ ಧೂಳಿನ ಬಿರುಗಾಳಿಗೆ ಸಿಕ್ಕಿಬಿದ್ದಿತು. ಮೇಲೆ ಆಕಾಶವಿಲ್ಲ, ಕೆಳಗೆ ನೆಲವಿಲ್ಲ. ಎತ್ತ ನೋಡಿದರೂ ಕಂದುಬಣ್ಣದ ಒಂದೇ ಮುಸುಕು. ವಿಮಾನವು ಬಾವಿಗೆ ಬಿದ್ದ ಕೊಡದಂತೆ ಸರ್ರನೆ ಕೆಳಗಿಳಿಯುವುದು, ಮತ್ತೆ ಹೇಗೋ ಚೇತರಿಸಿಕೊಳ್ಳುವುದು, ಮತ್ತೆ ಕುಸಿಯುವುದು. ಅದನ್ನು ನಡೆಸುತ್ತಿದ್ದವಳು ಇಪ್ಪತ್ತಾರು ವರ್ಷದ ಯುವತಿ. ಜೊತೆಗಾರರು ಯಾರೂ ಇಲ್ಲ. ರೇಡಿಯೋ ಇಲ್ಲ. ಕುಳಿತ ಜಾಗಕ್ಕೆ ಮೇಲ್ಛಾವಣಿಯೂ ಇಲ್ಲ. ಕನ್ನಡಕದ ಗಾಜಿಗೆ ಮರಳು ಮೆತ್ತಿಕೊಂಡು ಕಣ್ಣಿದ್ದೂ ಇಲ್ಲದಂತಾಗಿತ್ತು.

ಹೀಗಿರುವಾಗ ಚಕ್ರಗಳು ಫಕ್ಕನೆ ನೆಲಕ್ಕೆ ತಾಗಿದವು. ವಿಮಾನ ಮರಳಿನ ಮೇಲೆ ಓಡಿತು. ಅದೃಷ್ಟಕ್ಕೆ ಎದುರಿಗೆ ಕಲ್ಲಾಗಲಿ ಹಳ್ಳವಾಗಲಿ ಇರಲಿಲ್ಲ. ಅದು ನಿಂತ ಮೇಲೆ ನಿಜವಾದ ಕಷ್ಟ ಆರಂಭವಾಯಿತು. ಗಾಳಿ ನಿಂತ ವಿಮಾನವನ್ನೂ ಬಿಡಲಿಲ್ಲ. ಹಗುರವಾದ ರೆಕ್ಕೆಗಳ ಕೆಳಗೆ ನುಗ್ಗಿ ಅದನ್ನು ಹಿಂದಕ್ಕೆ ತಳ್ಳತೊಡಗಿತು. ಆಕೆ ಕೆಳಗೆ ಹಾರಿ, ವಿಮಾನದ ಮೂತಿಯನ್ನು ಗಾಳಿಗೆ ಎದುರಾಗಿ ನಿಲ್ಲಿಸಿ, ತನ್ನ ಸಾಮಾನಿನ ಪೆಟ್ಟಿಗೆಗಳನ್ನು ಎಳೆದು ತಂದು ಚಕ್ರಗಳಿಗೆ ಒಡ್ಡಾಗಿ ಇಟ್ಟಳು. ಎಂಜಿನಿಗೆ ಬಟ್ಟೆ ಹೊದಿಸಿದಳು. ಬಾಲದ ಮೇಲೆ ತಾನೇ ಭಾರವಾಗಿ ಕುಳಿತಳು. ಎಲ್ಲಿಯೋ ನಾಯಿಗಳು ಬೊಗಳುವ ಸದ್ದು ಕೇಳಿಸಿತು. ಮರುಭೂಮಿಯ ನಾಯಿಗಳು ಮನುಷ್ಯರನ್ನು ಹರಿದು ತಿನ್ನುವುವೆಂದು ಆಕೆ ಎಲ್ಲಿಯೋ ಕೇಳಿದ್ದಳು. ಕೈಯಲ್ಲಿ ರಿವಾಲ್ವರ್ ಹಿಡಿದು ಧೂಳಿನೊಳಗೆ ದೃಷ್ಟಿಯಿಟ್ಟು ಸುಮಾರು ಮೂರು ಗಂಟೆ ಹಾಗೆಯೇ ಕಾದಳು. ನಾಯಿಗಳು ಬರಲಿಲ್ಲ. ಗಾಳಿ ಇಳಿಯಿತು. ಎಂಜಿನ್ ಮೊದಲ ಯತ್ನಕ್ಕೇ ಉಸಿರಾಡಿತು.

ಈ ಯುವತಿಯೇ ಏಮಿ ಜಾನ್ಸನ್. ಇಂಗ್ಲೆಂಡಿನಿಂದ ಆಸ್ಟ್ರೇಲಿಯಕ್ಕೆ ಒಬ್ಬಂಟಿಯಾಗಿ ಹಾರಿದ ಮೊದಲ ಹೆಂಗಸೆಂದು ಇವಳ ಹೆಸರನ್ನು ಜಗತ್ತು ಬಲ್ಲದು. ಆದರೆ ಆ ಹನ್ನೊಂದು ಸಾವಿರ ಮೈಲಿಗಳ ಕಥೆಯನ್ನು ಸ್ವಲ್ಪ ಎಚ್ಚರದಿಂದ ಓದಿದವರಿಗೆ ಒಂದು ವಿಚಿತ್ರ ಕಾಣದಿರದು. ಸಮುದ್ರ, ಪರ್ವತ, ಮಳೆ, ಮೋಡ ಇವು ಯಾವುವೂ ಹಾರುತ್ತಿದ್ದ ಅವಳ ವಿಮಾನವನ್ನು ಮುರಿಯಲಿಲ್ಲ. ಅದು ಪೆಟ್ಟು ತಿಂದದ್ದೆಲ್ಲ ನೆಲಕ್ಕೆ ಇಳಿಯುವಾಗ.

ಮೀನಿನ ಅಂಗಡಿಯ ಮುದ್ರೆ

ಹಲ್ ಎಂಬುದು ಇಂಗ್ಲೆಂಡಿನ ಪೂರ್ವ ಕರಾವಳಿಯ ರೇವುಪಟ್ಟಣ. ಏಮಿಯ ತಂದೆ ಅಲ್ಲಿ ಮೀನಿನ ವ್ಯಾಪಾರಿ. ಮಗಳು ಷೆಫೀಲ್ಡ್ ವಿಶ್ವವಿದ್ಯಾನಿಲಯದಲ್ಲಿ ಓದಿ ಪದವಿ ಪಡೆದು, ಲಂಡನ್ನಿನಲ್ಲಿ ವಕೀಲರ ಕಚೇರಿಯೊಂದರಲ್ಲಿ ಟೈಪು ಮಾಡುವ ಕೆಲಸಕ್ಕೆ ಸೇರಿದಳು. 1928ರಲ್ಲಿ ಸ್ಟ್ಯಾಗ್ ಲೇನ್ ವಿಮಾನ ನಿಲ್ದಾಣದಲ್ಲಿದ್ದ ಲಂಡನ್ ಏರೋಪ್ಲೇನ್ ಕ್ಲಬ್ಬಿನಲ್ಲಿ ಹಾರುವ ಪಾಠ ಆರಂಭಿಸಿದಳು. ಬೇಗ ಕಲಿತಳೆಂದು ಹೇಳುವಂತಿಲ್ಲ. 1929ರ ಜುಲೈಯಲ್ಲಿ ಅನುಮತಿಪತ್ರ ದೊರೆಯಿತು. ಆದರೆ ಹಾರುವುದನ್ನು ಕಲಿತು ಕೈತೊಳೆದುಕೊಳ್ಳುವವರ ಗುಂಪಿಗೆ ಅವಳು ಸೇರಿದವಳಲ್ಲ. ದಿನವೂ ಕಚೇರಿಗೆ ಹೋಗುವ ಮೊದಲೂ ಹೋಗಿ ಬಂದ ಮೇಲೂ ಕ್ಲಬ್ಬಿನ ಕೊಟ್ಟಿಗೆಯಲ್ಲಿ ಮೆಕ್ಯಾನಿಕರೊಡನೆ ಎಣ್ಣೆ ಮಸಿ ಬಳಿದುಕೊಂಡು ದುಡಿದು, ಅದೇ ವರ್ಷ ವಿಮಾನ ಎಂಜಿನಿಯರಳ ಅರ್ಹತಾಪತ್ರವನ್ನೂ ಪಡೆದಳು. ಬ್ರಿಟನ್ನಿನಲ್ಲಿ ಅದನ್ನು ಪಡೆದ ಮೊದಲ ಹೆಂಗಸು ಅವಳೇ. ಮುಂದೆ ದಾರಿಯುದ್ದಕ್ಕೂ ಅವಳನ್ನು ಕಾಪಾಡಿದ್ದು ಈ ಎರಡನೆಯ ಕಾಗದವೇ ಎನ್ನಬೇಕು.

ವಿಮಾನಕ್ಕೆ ಹಣ ಬೇಕಲ್ಲ! ತಂದೆ ಸ್ವಲ್ಪ ಕೊಟ್ಟರು. ಎಣ್ಣೆ ವ್ಯಾಪಾರದ ಲಾರ್ಡ್ ವೇಕ್‌ಫೀಲ್ಡ್ ಇನ್ನುಳಿದುದಕ್ಕೆ ಕೈ ಜೋಡಿಸಿದರು. ಬಂದದ್ದು ಒಬ್ಬರ ಕೈದಾಟಿದ ಹಳೆಯ ಜಿಪ್ಸಿ ಮಾತ್ ವಿಮಾನ. ತಂದೆಯ ಮೀನಿನ ವ್ಯಾಪಾರದ ಮುದ್ರೆ ‘ಜೇಸನ್’. ಅದನ್ನೇ ಹಸಿರು ಬಣ್ಣದ ಆ ವಿಮಾನಕ್ಕೆ ಹೆಸರಾಗಿ ಇಟ್ಟಳು.

ಈ ಜೇಸನ್ನಿನ ಮೈಕಟ್ಟನ್ನು ಕೊಂಚ ತಿಳಿಯದಿದ್ದರೆ ಮುಂದಿನ ಕಥೆ ಅರ್ಥವಾಗದು. ಒಂದರ ಮೇಲೊಂದು ಎರಡು ಜೊತೆ ರೆಕ್ಕೆ. ಮರದ ಚೌಕಟ್ಟಿಗೆ ಬಟ್ಟೆ ಹೊದಿಸಿ ಬಣ್ಣ ಬಳಿದವು. ನೂರು ಅಶ್ವಶಕ್ತಿಯ ನಾಲ್ಕು ಸಿಲಿಂಡರಿನ ಎಂಜಿನ್. ಗಂಟೆಗೆ ಸುಮಾರು 85 ಮೈಲಿ ವೇಗ. ಮುಂದೆ ಎರಡು ಚಕ್ರ, ಹಿಂದೆ ಬಾಲದಡಿಯಲ್ಲಿ ನೆಲವನ್ನು ಕೆರೆಯುವ ಒಂದು ಊರೆ. ಚಕ್ರಗಳಿಗೆ ಬ್ರೇಕು ಇಲ್ಲ! ಇಳಿದ ಮೇಲೆ ವಿಮಾನ ತಾನಾಗಿ ನಿಲ್ಲುವವರೆಗೆ ಓಡಬೇಕು. ಅಷ್ಟರೊಳಗೆ ಬಯಲು ಮುಗಿದರೆ ಮುಂದಿನದು ದೈವಚಿತ್ತ.

ಮೇ 5ರ ಮುಂಜಾನೆ ಕ್ರಾಯ್ಡನ್ ನಿಲ್ದಾಣದಿಂದ ಹೊರಟಾಗ ಬೀಳ್ಕೊಡಲು ಬಂದವರು ತಂದೆಯೂ ಕೆಲವು ಸ್ನೇಹಿತರೂ ಮಾತ್ರ. ಪೆಟ್ರೋಲಿನ ಭಾರಕ್ಕೆ ಮೊದಲ ಸಲ ವಿಮಾನ ಮೇಲೇಳಲೇ ಇಲ್ಲ. ಎರಡನೆಯ ಸಲ ಎದ್ದಿತು. ಆವರೆಗೆ ಅವಳು ಹಾರಿದ್ದ ಒಟ್ಟು ಅವಧಿ ನೂರು ಗಂಟೆಯನ್ನೂ ಮುಟ್ಟಿರಲಿಲ್ಲ. ಅತಿ ದೂರದ ಪ್ರಯಾಣವೆಂದರೆ ಲಂಡನ್ನಿನಿಂದ ತವರೂರಾದ ಹಲ್‌ಗೆ ಹೋದದ್ದು.

ಕರಾಚಿಯ ದಾರಿಯಲ್ಲಿ

ಮರುಭೂಮಿಯಲ್ಲಿ ತಿಂದ ಹೊಡೆತದ ಪರಿಣಾಮ ಬಾಗ್ದಾದಿನಲ್ಲಿ ಹೊರಬಿದ್ದಿತು. ಅಲ್ಲಿ ಇಳಿಯುತ್ತಿದ್ದಂತೆ ಚಕ್ರವನ್ನು ಹೊತ್ತ ಆಸರೆಕಂಬಿ ಮುರಿದು ಒಂದು ಬದಿಯ ರೆಕ್ಕೆ ನೆಲಕ್ಕೊರಗಿತು. ಅಲ್ಲಿದ್ದ ಬ್ರಿಟಿಷ್ ಮೆಕ್ಯಾನಿಕರು ರಾತ್ರಿ ಕುಳಿತು ಹೊಸದನ್ನು ಮಾಡಿಕೊಟ್ಟರು. ಮರುದಿನ ಪಾರಸೀಕ ಕೊಲ್ಲಿಯ ಬಂದರ್ ಅಬ್ಬಾಸಿನಲ್ಲಿ ಇಳಿದಾಗ ಪುನಃ ಅದೇ ಭಾಗ ಕೈಕೊಟ್ಟಿತು; ಪುನಃ ರಾತ್ರಿ ದುರಸ್ತಿ. ಇಷ್ಟಾದರೂ ಮೇ 10ರಂದು ಕರಾಚಿಯನ್ನು ತಲುಪಿದಾಗ ಹೊರಟು ಆರೇ ದಿನ. 1928ರಲ್ಲಿ ಹದಿನೈದೂವರೆ ದಿನಗಳಲ್ಲಿ ಆಸ್ಟ್ರೇಲಿಯವನ್ನು ಮುಟ್ಟಿ ದಾಖಲೆ ಮಾಡಿದ್ದ ಬರ್ಟ್ ಹಿಂಕ್ಲರನಿಗಿಂತ ಎರಡು ದಿನ ಮುಂದು! ಅಲ್ಲಿಯವರೆಗೆ ನಿದ್ರಿಸುತ್ತಿದ್ದ ಪತ್ರಿಕೆಗಳು ಒಮ್ಮೆಲೇ ಎಚ್ಚೆತ್ತವು.

ಅದೇ ಮೇ ತಿಂಗಳಲ್ಲಿ ಅದೇ ಆಕಾಶದಲ್ಲಿ ನಮ್ಮವರೂ ಇದ್ದರೆಂಬುದನ್ನು ಇಲ್ಲಿ ನೆನೆಯಬಹುದು. ಇಂಗ್ಲೆಂಡಿಗೂ ಭಾರತಕ್ಕೂ ನಡುವೆ ಒಬ್ಬಂಟಿಯಾಗಿ ಹಾರುವ ಮೊದಲ ಭಾರತೀಯನಿಗೆ ಆಗಾಖಾನರು ಇಟ್ಟಿದ್ದ ಬಹುಮಾನಕ್ಕಾಗಿ ಜೆ. ಆರ್. ಡಿ. ಟಾಟಾ ಕರಾಚಿಯಿಂದ ಪಶ್ಚಿಮಕ್ಕೂ, ಹದಿನೇಳರ ತರುಣ ಆಸ್ಪಿ ಎಂಜಿನಿಯರ್ ಇಂಗ್ಲೆಂಡಿನಿಂದ ಪೂರ್ವಕ್ಕೂ ಹೊರಟಿದ್ದರು. ಇಬ್ಬರದೂ ಜಿಪ್ಸಿ ಮಾತ್ ವಿಮಾನಗಳೇ. ಈಜಿಪ್ಟಿನ ಅಬೂಕಿರ್‌ನಲ್ಲಿ ಭೇಟಿಯಾದಾಗ ಆಸ್ಪಿಗೆ ಸ್ಪಾರ್ಕ್ ಪ್ಲಗ್ಗಿನ ಕೊರತೆಯಿತ್ತು; ಟಾಟಾ ತಮ್ಮದನ್ನು ಕೊಟ್ಟರು; ಆಸ್ಪಿ ಗೆದ್ದರು. ಈ ಆಸ್ಪಿ ಎಂಜಿನಿಯರರೇ ಮುಂದೆ ಬೆಂಗಳೂರಿನ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯ ಹೊಣೆ ಹೊತ್ತು, 1960ರಲ್ಲಿ ಭಾರತೀಯ ವಾಯುಪಡೆಯ ಮುಖ್ಯಸ್ಥರಾದವರು.

ಕರಾಚಿಯಿಂದ ಅಲಹಾಬಾದಿಗೆ ಹೊರಟ ಏಮಿಗೆ ಪೆಟ್ರೋಲು ಸಾಲದೆ ಹೋಗಿ ಝಾನ್ಸಿಯಲ್ಲಿ ಇಳಿಯಬೇಕಾಯಿತು. ಕಂಡದ್ದು ಸಿಪಾಯಿಗಳ ಕವಾಯತು ಮೈದಾನ. ವಿಮಾನಕ್ಕೆ ಅದು ಚಿಕ್ಕದು. ಮರಗಳು, ಕಂಬಗಳು, ಅದರಾಚೆ ಬ್ಯಾರಕ್ಕುಗಳು. ಬ್ರೇಕಿಲ್ಲದ ಜೇಸನ್ ಅವುಗಳ ನಡುವೆ ನುಸುಳಿ, ಎರಡು ಕಟ್ಟಡಗಳ ಸಂದಿಯಲ್ಲಿ ರೆಕ್ಕೆಯನ್ನು ಗಾಯ ಮಾಡಿಕೊಂಡು ನಿಂತಿತು. ಊರಿನ ಬಡಗಿಯೊಬ್ಬ ಮರದ ಕೆಲಸವನ್ನು ಸರಿಪಡಿಸಿಕೊಟ್ಟ. ವಿಮಾನವನ್ನು ಬಡಗಿ ರಿಪೇರಿ ಮಾಡುವುದೇ ಎಂದು ಇಂದಿನವರು ನಗಬಹುದು. ಆ ಕಾಲದ ವಿಮಾನಕ್ಕೆ ಬಡಗಿ, ದರ್ಜಿ ಇಬ್ಬರೂ ವೈದ್ಯರೇ ಆಗಿದ್ದರು.

ಇಳಿಯುವುದೇಕೆ ಕಷ್ಟ?

ವಿಮಾನ ಮೇಲಿರುವಾಗ ಗಾಳಿ ಅದಕ್ಕೆ ಶತ್ರುವಲ್ಲ. ಹೊಳೆಯ ನೀರು ಹರಿಯುತ್ತಿದ್ದರೂ ಅದರೊಳಗಿನ ಮೀನಿಗೆ ತೊಂದರೆಯಿಲ್ಲವಷ್ಟೆ. ಹಾಗೆಯೇ ಬೀಸುವ ಗಾಳಿಯೊಳಗೆ ವಿಮಾನ ಗಾಳಿಯ ಜೊತೆಗೇ ಸಾಗುತ್ತಿರುತ್ತದೆ. ದಾರಿ ತುಸು ಓರೆಯಾದೀತು, ಹೊತ್ತು ಹೆಚ್ಚಾದೀತು, ಅಷ್ಟೆ. ಆದರೆ ಚಕ್ರ ನೆಲವನ್ನು ಮುಟ್ಟಿದ ಕ್ಷಣ ವಿಮಾನಕ್ಕೆ ಇಬ್ಬರು ಒಡೆಯರು. ಚಕ್ರಗಳನ್ನು ನೆಲ ಹಿಡಿದುಕೊಳ್ಳುತ್ತದೆ, ರೆಕ್ಕೆಗಳನ್ನು ಇನ್ನೂ ಗಾಳಿ ಬಿಟ್ಟಿರುವುದಿಲ್ಲ. ಈ ಜಗ್ಗಾಟದ ಕೆಲವೇ ಕ್ಷಣಗಳಲ್ಲಿ ಸಣ್ಣ ವಿಮಾನಗಳ ಅಪಘಾತಗಳಲ್ಲಿ ದೊಡ್ಡದೊಂದು ಪಾಲು ಸಂಭವಿಸುತ್ತದೆ. ವೇಗ ಕಡಿಮೆಯಾದುದರಿಂದ ಅವುಗಳಲ್ಲಿ ಪ್ರಾಣ ಹೋಗುವುದು ಅಪರೂಪವೆನ್ನುವುದೊಂದು ಸಮಾಧಾನ.

ಇಳಿಯುವವನು ಗಾಳಿಗೆ ಎದುರಾಗಿ ಇಳಿಯಬೇಕೆಂಬುದು ಮೊದಲ ಪಾಠ. ಇದರ ಲೆಕ್ಕ ಬಹಳ ಸರಳ. ಗಂಟೆಗೆ 45 ಮೈಲಿ ವೇಗದಲ್ಲಿ ಇಳಿಯುವ ವಿಮಾನಕ್ಕೆ 15 ಮೈಲಿ ವೇಗದ ಗಾಳಿ ಎದುರಿದ್ದರೆ, ನೆಲದ ಮೇಲೆ ಅದರ ಓಟ ಕೇವಲ 30 ಮೈಲಿ. ಅದೇ ಗಾಳಿ ಬೆನ್ನಿಗಿದ್ದರೆ 60 ಮೈಲಿ. ವೇಗ ಎರಡು ಪಟ್ಟು. ಆದರೆ ನಿಲ್ಲಿಸುವ ಮುನ್ನ ಕರಗಿಸಬೇಕಾದ ಶಕ್ತಿ ನಾಲ್ಕು ಪಟ್ಟು. ನಿಲ್ದಾಣದ ಅಂಚಿನಲ್ಲಿ ಕಂಬಕ್ಕೆ ಕಟ್ಟಿದ ಬಟ್ಟೆಯ ಚೀಲ ಗಾಳಿ ತುಂಬಿ ಸೊಂಡಿಲಿನಂತೆ ಚಾಚಿಕೊಂಡಿರುವುದನ್ನು ಅನೇಕರು ನೋಡಿರಬಹುದು. ಅದು ಅಲಂಕಾರಕ್ಕಾಗಿ ಇಟ್ಟದ್ದಲ್ಲ.

ಏಮಿಯ ಕಾಲದಲ್ಲಿ ನಿಲ್ದಾಣಗಳೆಂದರೆ ಬಹುಮಟ್ಟಿಗೆ ಹುಲ್ಲಿನ ವಿಶಾಲ ಬಯಲುಗಳು. ಗಾಳಿ ಎತ್ತಲಿಂದ ಬಂದರೂ ಅತ್ತ ಮುಖಮಾಡಿ ಇಳಿಯಬಹುದಾಗಿತ್ತು. ಮುಂದೆ ವಿಮಾನಗಳು ಭಾರವಾದವು. ಕಾಂಕ್ರೀಟಿನ ಓಡುದಾರಿಗಳು ಬಂದವು. ದಾರಿಗೆ ದಿಕ್ಕು ಒಂದೇ ಆಯಿತು, ಗಾಳಿ ಮಾತ್ರ ತನ್ನ ಸ್ವಾತಂತ್ರ್ಯವನ್ನು ಬಿಡಲಿಲ್ಲ. ಆದುದರಿಂದ ದಾರಿಯನ್ನು ಹಾಕುವ ಮುನ್ನ ಆ ಊರಿನ ಗಾಳಿಯ ಜಾತಕವನ್ನು ನೋಡುತ್ತಾರೆ. ಬೆಂಗಳೂರಿನ ಉದಾಹರಣೆಯನ್ನೇ ತೆಗೆದುಕೊಳ್ಳಬಹುದು. ಆಷಾಢದಲ್ಲಿ ಪಡುವಣದಿಂದ ಬೀಸುವ ಗಾಳಿ ಒಣಗಹಾಕಿದ ಬಟ್ಟೆಗಳನ್ನು ಹೊತ್ತೊಯ್ಯುತ್ತದೆ. ಚಳಿಗಾಲದಲ್ಲಿ ಮೂಡಣದಿಂದ ತಣ್ಣಗೆ ಸುಳಿಯುತ್ತದೆ. ಹಳೆಯ ಎಚ್. ಎ. ಎಲ್. ನಿಲ್ದಾಣ, ತರುಣರು ಹಾರಲು ಕಲಿತ ಜಕ್ಕೂರಿನ ಬಯಲು, 2008ರಲ್ಲಿ ತೆರೆದ ದೇವನಹಳ್ಳಿಯ ನಿಲ್ದಾಣ ಈ ಮೂರರ ಓಡುದಾರಿಗಳೂ ಪೂರ್ವಪಶ್ಚಿಮವಾಗಿಯೇ ಚಾಚಿಕೊಂಡಿರುವುದಕ್ಕೆ ಈ ಗಾಳಿಯೇ ಕಾರಣ.

ಇಷ್ಟಾದರೂ ಒಂದೊಂದು ದಿನ ಗಾಳಿ ಅಡ್ಡಲಾಗಿ ಬೀಸುತ್ತದೆ. ಆಗ ವಿಮಾನ ನಡೆಸುವವನು ನೆರೆಬಂದ ಹೊಳೆಯನ್ನು ದಾಟುವ ಅಂಬಿಗನಂತಾಗುತ್ತಾನೆ. ಅಂಬಿಗ ಎದುರು ದಡದ ಕಲ್ಲುಮಂಟಪವನ್ನು ಸೇರಬೇಕಾದರೆ ಹರಿಗೋಲನ್ನು ಅದಕ್ಕಿಂತ ಮೇಲಕ್ಕೆ ಗುರಿಯಿಟ್ಟು ಹುಟ್ಟು ಹಾಕುತ್ತಾನೆ. ಹಾಗೆಯೇ ವಿಮಾನದ ಮೂತಿಯನ್ನು ಗಾಳಿಯ ಕಡೆಗೆ ತಿರುಗಿಸಿ ಓರೆಯಾಗಿ ಕೆಳಗಿಳಿದು ಬರುತ್ತಾರೆ. ಆದರೆ ಹಾಗೆ ಓರೆಯಾಗಿಯೇ ನೆಲ ಮುಟ್ಟಿದರೆ ಚಕ್ರಗಳ ಕಾಲು ಮುರಿದೀತು. ಕೊನೆಯ ಗಳಿಗೆಯಲ್ಲಿ ಬಾಲದ ಚುಕ್ಕಾಣಿಯಿಂದ ಮೂತಿಯನ್ನು ದಾರಿಗೆ ನೇರ ಮಾಡಿ, ಗಾಳಿಬದಿಯ ರೆಕ್ಕೆಯನ್ನು ತುಸು ತಗ್ಗಿಸಿ, ಆ ಬದಿಯ ಚಕ್ರವನ್ನು ಮೊದಲು ಊರಬೇಕು. ಬೇಗ ಮಾಡಿದರೆ ಗಾಳಿ ವಿಮಾನವನ್ನು ದಾರಿಯಿಂದ ಆಚೆ ಸರಿಸುತ್ತದೆ. ತಡಮಾಡಿದರೆ ಚಕ್ರ ಓರೆಯಾಗಿ ಕೂರುತ್ತದೆ. ನಡುವೆ ಇರುವ ಅವಕಾಶ ಒಂದೆರಡು ಕ್ಷಣ ಮಾತ್ರ.

ಜೇಸನ್ನಿನಂತಹ ಬಾಲವೂರುವ ವಿಮಾನಗಳಿಗೆ ಇನ್ನೊಂದು ಚಟವೂ ಉಂಟು. ಎರಡು ಗಾಲಿಯ ಕೈಗಾಡಿಯನ್ನು ಎಳೆದುಕೊಂಡು ನಡೆದರೆ ಅದು ವಿನಯದಿಂದ ಹಿಂದೆ ಬರುತ್ತದೆ. ಅದನ್ನೇ ಹಿಂದಿನಿಂದ ತಳ್ಳುತ್ತ ಓಡಿದರೆ ಕೊಂಚ ವಾರೆಯಾದೊಡನೆ ಪೂರ್ತಿ ತಿರುಗಿಬಿಡುತ್ತದೆ. ಬಾಲವೂರುವ ವಿಮಾನದ ಭಾರವೆಲ್ಲ ಚಕ್ರಗಳಿಗಿಂತ ಹಿಂದೆ. ಅಡ್ಡಗಾಳಿ ಎತ್ತರವಾದ ಬಾಲವನ್ನು ಒಮ್ಮೆ ನೂಕಿತೆಂದರೆ ಹಿಂದಿನ ಭಾರ ಮುಂದಿನ ಚಕ್ರಗಳನ್ನು ಹಿಂದಿಕ್ಕಲು ಹವಣಿಸುತ್ತದೆ. ವಿಮಾನ ಬುಗುರಿಯಂತೆ ಗಿರ್ರನೆ ತಿರುಗಿ ಹೊರಬದಿಯ ರೆಕ್ಕೆ ನೆಲಕ್ಕೆ ಬಡಿಯುತ್ತದೆ. 1950ರ ದಶಕದ ಮಧ್ಯದಿಂದ ಸಣ್ಣ ವಿಮಾನಗಳಲ್ಲಿ ಮೂತಿಯಡಿಯ ಚಕ್ರ ವಾಡಿಕೆಗೆ ಬಂದು ಈ ಕಾಟ ಬಹಳ ಮಟ್ಟಿಗೆ ತಗ್ಗಿತು. ಆದರೂ ಗಾಳಿಗೆ ಮಿತಿಯನ್ನು ಹಾಕಲೇಬೇಕು. 1956ರಲ್ಲಿ ಮಾರುಕಟ್ಟೆಗೆ ಬಂದು, ಜಗತ್ತಿನಲ್ಲಿ ಬೇರೆ ಯಾವ ವಿಮಾನಕ್ಕಿಂತಲೂ ಹೆಚ್ಚು ಸಂಖ್ಯೆಯಲ್ಲಿ ತಯಾರಾದ ಸೆಸ್ನಾ 172ರ ಕೈಪಿಡಿಯಲ್ಲಿ ಸಮರ್ಥವಾಗಿ ಇಳಿಸಿ ತೋರಿಸಿದ ಅಡ್ಡಗಾಳಿಯೆಂದು ಕೊಟ್ಟಿರುವುದು 15 ನಾಟ್, ಎಂದರೆ ಗಂಟೆಗೆ ಸುಮಾರು 28 ಕಿಲೋಮೀಟರು. ಗಾಳಿ ದಾರಿಗೆ ಮೂವತ್ತು ಡಿಗ್ರಿ ಓರೆಯಾಗಿದ್ದರೆ ಅದರ ಅರ್ಧ ಬಲ ಅಡ್ಡಕ್ಕೆ ಬೀಳುತ್ತದೆ. ತೊಂಬತ್ತು ಡಿಗ್ರಿಯಾದರೆ ಪೂರ್ತಿ.

ಒಂದೇ ಸಮನೆ ಬೀಸುವ ಗಾಳಿಯಾದರೂ ಮೇಲು. ಬಿಟ್ಟು ಬಿಟ್ಟು ಬೀಸುವ ಗಾಳಿ ಮಹಾ ದ್ರೋಹಿ. ಮರಗಳ ಸಾಲು, ಕಟ್ಟಡದ ಮರೆ ಬಂದಾಗ ಎದುರುಗಾಳಿ ಥಟ್ಟನೆ ಬಿದ್ದುಹೋಗುತ್ತದೆ. ಅದನ್ನು ನಂಬಿದ್ದ ರೆಕ್ಕೆಗಳಿಗೆ ಆಧಾರ ತಪ್ಪುತ್ತದೆ. ಅಂತಹ ದಿನ ವೇಗವನ್ನು ಸ್ವಲ್ಪ ಹೆಚ್ಚಾಗಿಯೇ ಇರಿಸಿಕೊಂಡು ಬರುವುದು, ಮನಸ್ಸಿಗೆ ಒಪ್ಪದಿದ್ದರೆ ನಾಚಿಕೆಪಡದೆ ಎಂಜಿನಿಗೆ ಬಲ ಕೊಟ್ಟು ಮತ್ತೆ ಮೇಲೇರಿ ಸುತ್ತು ಹಾಕುವುದು ಅನುಭವಸ್ಥರ ಕ್ರಮ. ಪೆಟ್ರೋಲು ಮುಗಿಯುತ್ತ ಬಂದವರಿಗೆ ಈ ಎರಡನೆಯ ಅವಕಾಶವಿರುವುದಿಲ್ಲ.

ಇನ್ಸೀನಿನ ಹಳ್ಳ, ಬ್ರಿಸ್ಬೇನಿನ ಬೇಲಿ

ಕಲ್ಕತ್ತೆಯಿಂದ ರಂಗೂನಿಗೆ ಹೊರಟದ್ದು ಮೇ 13ರಂದು. ಮುಂಗಾರಿನ ಮಳೆ ಮೊದಲೇ ಎದುರಾಗಿತ್ತು. ರಂಗೂನಿನ ಕುದುರೆಪಂದ್ಯದ ಮೈದಾನದಲ್ಲಿ ಇಳಿಯಬೇಕಾದವಳು ಮಳೆಯ ಮಬ್ಬಿನಲ್ಲಿ ಅದಕ್ಕೆ ಸಮೀಪದ ಇನ್ಸೀನಿನಲ್ಲಿ ಎಂಜಿನಿಯರಿಂಗ್ ಶಾಲೆಯೊಂದರ ಆಟದ ಬಯಲನ್ನು ಕಂಡು ಅದೇ ಇದೆಂದುಕೊಂಡಳು. ಇಳಿದದ್ದೇನೋ ಚೆನ್ನಾಗಿಯೇ ಇಳಿದಳು. ಬಯಲು ಸಾಲಲಿಲ್ಲ; ಕೊನೆಯಲ್ಲೊಂದು ಹಳ್ಳ. ಜೇಸನ್ ಮೂತಿಯಡಿಯಾಗಿ ಅದರಲ್ಲಿ ಬಿದ್ದಿತು. ಪ್ರೊಪೆಲ್ಲರ್ ಮುರಿಯಿತು, ರೆಕ್ಕೆ ಹರಿಯಿತು, ಚಕ್ರದ ಕಾಲು ಸೊಟ್ಟಗಾಯಿತು. ಏಮಿ ಅತ್ತಳಂತೆ.

ಬಿದ್ದದ್ದಕ್ಕೂ ಪುಣ್ಯ ಬೇಕು! ಎಂಜಿನಿಯರಿಂಗ್ ಶಾಲೆಯ ಅಂಗಳದಲ್ಲಿಯೇ ಬೀಳುವುದು ಎಲ್ಲರಿಗೂ ಒದಗುವ ಭಾಗ್ಯವಲ್ಲ. ಉಪಾಧ್ಯಾಯರೂ ವಿದ್ಯಾರ್ಥಿಗಳೂ ಕೂಡಿ ಕೆಲಸಕ್ಕೆ ನಿಂತರು. ಮೊದಲ ಮಹಾಯುದ್ಧದ ಕಾಲದ ಮಿಕ್ಕ ವಿಮಾನಬಟ್ಟೆಯಿಂದ ಯಾರೋ ಅಂಗಿಗಳನ್ನು ಹೊಲಿಸಿಕೊಂಡಿದ್ದರು. ಆ ಅಂಗಿಗಳನ್ನು ಬಿಚ್ಚಿ ಜೇಸನ್ನಿನ ರೆಕ್ಕೆಗೆ ತೇಪೆ ಹಾಕಿದರು. ವಿಮಾನದ ಮೈಗೆ ಕಟ್ಟಿ ತಂದಿದ್ದ ಮಿಗತೆ ಪ್ರೊಪೆಲ್ಲರ್ ಈಗ ಉಪಯೋಗಕ್ಕೆ ಬಂದಿತು. ಮೇ 16ರಂದು ಅವಳು ಮತ್ತೆ ಮೇಲೇರಿದಳು. ಆದರೆ ಕಳೆದ ಮೂರು ದಿನ ಕಳೆದವೇ. ಹಿಂಕ್ಲರನ ದಾಖಲೆ ಕೈತಪ್ಪಿತು. ಆ ಬಳಿಕ ಸಯಾಮ್, ಸಿಂಗಪುರ, ಜಾವಾ, ತಿಮೋರ್. ಮೇ 24ರ ಅಪರಾಹ್ನ ಡಾರ್ವಿನ್ನಿನಲ್ಲಿ ಇಳಿದಾಗ ಹತ್ತೊಂಬತ್ತೂವರೆ ದಿನಗಳಾಗಿದ್ದವು. ದಾಖಲೆಯನ್ನು ಯಾರೂ ಕೇಳಲಿಲ್ಲ. ಊರೂರುಗಳಲ್ಲಿ ಜನ ಹುಚ್ಚೆದ್ದು ಕಾದಿದ್ದರು.

ಐದು ದಿನಗಳ ಮೇಲೆ ಬ್ರಿಸ್ಬೇನ್ ನಗರದ ಈಗಲ್ ಫಾರ್ಮ್ ನಿಲ್ದಾಣದಲ್ಲಿ ಭಾರಿ ಜನಸಂದಣಿ. ಏಮಿ ದಣಿದು ಹಣ್ಣಾಗಿದ್ದಳು. ಮರುಭೂಮಿಯ ಬಿರುಗಾಳಿಯಲ್ಲಿ ಕಣ್ಣು ಕಾಣದೆ ಇಳಿದು ಬದುಕಿದವಳು, ಹಗಲು ಬೆಳಕಿನಲ್ಲಿ ಸಾವಿರಾರು ಕಣ್ಣುಗಳ ಮುಂದೆ ಅಂದಾಜು ತಪ್ಪಿದಳು. ವಿಮಾನ ಬಯಲಿನಲ್ಲಿ ಬಹುದೂರ ಬಂದು ನೆಲ ಮುಟ್ಟಿತು, ನಿಲ್ಲಿಸಲು ಬ್ರೇಕಿಲ್ಲ, ಎಲ್ಲೆಯ ಬೇಲಿಯನ್ನು ಹಾಯ್ದು ಆಚೆಯ ಹೊಲದಲ್ಲಿ ತಲೆಕೆಳಗಾಗಿ ಮಗುಚಿಕೊಂಡಿತು. ಜನರ ಜಯಘೋಷ ಅರ್ಧದಲ್ಲಿ ನಿಂತಿತು. ಓಡಿ ಹೋಗಿ ನೋಡಿದರೆ ಆಕೆಗೆ ಹೆಚ್ಚಿನ ಪೆಟ್ಟೇನೂ ಆಗಿರಲಿಲ್ಲ. ಜೇಸನ್ ಮಾತ್ರ ಹಾರುವ ಸ್ಥಿತಿಯಲ್ಲಿರಲಿಲ್ಲ. ಮುಂದೆ ಸಿಡ್ನಿಗೆ ಅವಳು ಹೋದದ್ದು ಬೇರೊಂದು ವಿಮಾನದಲ್ಲಿ, ಪ್ರಯಾಣಿಕಳಾಗಿ. ಆಸ್ಟ್ರೇಲಿಯದ ಆ ದಿನಗಳಲ್ಲಿಯೇ ಅವಳಿಗೆ ಜಿಮ್ ಮಾಲಿಸನ್ ಎಂಬ ಪೈಲಟ್ಟಿನ ಪರಿಚಯವಾಯಿತು. 1932ರಲ್ಲಿ ಇಬ್ಬರೂ ಮದುವೆಯಾದರು.

ಮರುವರ್ಷ ಜುಲೈಯಲ್ಲಿ ದಂಪತಿಗಳು ವೇಲ್ಸಿನ ಪೆಂಡೈನ್ ಮರಳದಂಡೆಯಿಂದ ನ್ಯೂಯಾರ್ಕಿಗೆ ಹೊರಟರು. ‘ಸೀಫೇರರ್’ ಎಂಬುದು ವಿಮಾನದ ಹೆಸರು. ಒಂದೂವರೆ ದಿನಕ್ಕೂ ಹೆಚ್ಚು ಕಾಲ ಅಟ್ಲಾಂಟಿಕ್ ಸಾಗರದೊಡನೆ ಸೆಣಸಿ ದಡ ಸೇರಿದರು. ನ್ಯೂಯಾರ್ಕ್ ಇನ್ನು ಕೈಗೆಟುಕುವಷ್ಟು ಹತ್ತಿರ. ಆದರೆ ಪೆಟ್ರೋಲು ತಳ ಕಂಡಿತ್ತು. ಕತ್ತಲೆಯಲ್ಲಿ ಬ್ರಿಜ್‌ಪೋರ್ಟ್ ಎಂಬಲ್ಲಿಯ ಬಯಲಿನ ಮೇಲೆ ಸುತ್ತು ಹಾಕಿ, ಗಾಳಿಯನ್ನು ಬೆನ್ನಿಗಿಟ್ಟುಕೊಂಡು ಮಾಲಿಸನ್ ಇಳಿಸಹೋದ. ಮೊದಲು ಹೇಳಿದ ಲೆಕ್ಕ ಇಲ್ಲಿ ಚಾಚೂ ತಪ್ಪದೆ ನಿಜವಾಯಿತು. ಬಯಲು ಮುಗಿದರೂ ಓಟ ಮುಗಿಯಲಿಲ್ಲ. ವಿಮಾನ ಜೌಗಿನಲ್ಲಿ ಬಿದ್ದು ನುಚ್ಚುನೂರಾಯಿತು. ಇಬ್ಬರಿಗೂ ಗಾಯಗಳಾದರೂ ಪ್ರಾಣಾಪಾಯವಿರಲಿಲ್ಲ. ಅವರು ಆಸ್ಪತ್ರೆಯಲ್ಲಿರುವಾಗ ನೆನಪಿನ ವಸ್ತುವಿನ ಆಸೆಗೆ ಜನ ಬಂದು ವಿಮಾನದ ಚೂರುಗಳನ್ನೆಲ್ಲ ಹೊತ್ತುಕೊಂಡು ಹೋದರು. ಸಮುದ್ರ ಬಿಟ್ಟುಕೊಟ್ಟದ್ದನ್ನು ಮನುಷ್ಯರು ಬಿಡಲಿಲ್ಲ!

ಆ ದಾಂಪತ್ಯವೂ 1938ರಲ್ಲಿ ಮುರಿಯಿತು. ಯುದ್ಧ ಬಂದಾಗ ಏಮಿ ಕಾರ್ಖಾನೆಗಳಿಂದ ವಾಯುಪಡೆಯ ನಿಲ್ದಾಣಗಳಿಗೆ ವಿಮಾನಗಳನ್ನು ಒಯ್ದು ಮುಟ್ಟಿಸುವ ಪಡೆಯನ್ನು ಸೇರಿದಳು. 1941ರ ಜನವರಿ 5ರಂದು ಆಕ್ಸ್‌ಫರ್ಡಿನ ಬಳಿಯ ನಿಲ್ದಾಣಕ್ಕೆ ಹೊರಟವಳಿಗೆ ದಟ್ಟವಾದ ಮೋಡದಲ್ಲಿ ದಾರಿ ತಪ್ಪಿತು. ಇಳಿಯಲು ಕೆಳಗೆ ನೆಲ ಕಾಣಲಿಲ್ಲ. ಧುಮುಕುಕೊಡೆಯಿಂದ ಅವಳು ಇಳಿದದ್ದು ಥೇಮ್ಸ್ ನದಿ ಸಮುದ್ರವನ್ನು ಸೇರುವೆಡೆಯ ಕೊರೆಯುವ ನೀರಿನಲ್ಲಿ. ಅಲ್ಲಿದ್ದ ಯುದ್ಧನೌಕೆಯ ಅಧಿಕಾರಿಯೊಬ್ಬ ರಕ್ಷಿಸಲೆಂದು ನೀರಿಗೆ ಹಾರಿ ತಾನೂ ಪ್ರಾಣ ಕಳೆದುಕೊಂಡ. ಏಮಿಯ ದೇಹ ಸಿಗಲೇ ಇಲ್ಲ.

ಬಿರುಗಾಳಿಯಲ್ಲಿ ಪೆಟ್ಟಿಗೆಗಳ ಒಡ್ಡಿನಿಂದ ನಿಂತು, ಬಡಗಿಯ ಉಳಿಗೂ ಅಂಗಿಯ ತೇಪೆಗೂ ಮೈಯೊಡ್ಡಿ, ಬ್ರಿಸ್ಬೇನಿನ ಹೊಲದಲ್ಲಿ ಮಗುಚಿದ ಜೇಸನ್ ಇಂದಿಗೂ ಉಳಿದಿದೆ. ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿ ಹಸಿರು ಬಣ್ಣದ ಆ ಪುಟ್ಟ ವಿಮಾನವನ್ನು ನೋಡಬಹುದು.